ಓದುಗರು ಕಳಿಸಿದ ಉತ್ತರ

ನವೆಂಬರ್ 3, ಸೋಮವಾರ

ಕಥೆ ಜಾಲಪತ್ರಿಕೆಯಲ್ಲಿ ಬಂದಿದೆ. ಅಣ್ಣನ ಮಗಳು ಅಶ್ವಿನಿ ಫೋನನ್ನು ನನ್ನ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ತೋರಿಸಿದಳು. ನನ್ನ ಹೆಸರು, ಅದರ ಕೆಳಗೆ ಊರು ಆದೋನಿ, ಅದರ ಕೆಳಗೆ ಮಂಡಿನೋವಿನ ಎಣ್ಣೆಯ ಜಾಹೀರಾತು. "ಕಾಕಾ, ನೋಡ್ರಿ, ಎಷ್ಟ್ ಚಂದ ಬಂದೈತಿ" ಎಂದಳು. ಎಣ್ಣೆಯ ಬಾಟಲಿ ನನ್ನ ಹೆಸರಿಗಿಂತ ದೊಡ್ಡದಾಗಿತ್ತು.

ಬಳ್ಳಾರಿಯವರು ನಡೆಸುವ ಒಗಟುಕಥೆ ಸ್ಪರ್ಧೆ. ಕಥೆಗಾರ ಒಂದು ಗುಟ್ಟಿನ ಸುತ್ತ ಕಥೆ ಕಟ್ಟಿ, ಗುಟ್ಟು ಬಿಚ್ಚುವ ಮೊದಲೇ ನಿಲ್ಲಿಸಬೇಕು. ಉತ್ತರವನ್ನು ಬೇರೆಯಾಗಿ ಸಂಪಾದಕನಿಗೆ ಕಳಿಸಬೇಕು. ಓದುಗರು ತಮಗೆ ತೋಚಿದ್ದನ್ನು ಬರೆಯುತ್ತಾರೆ. ತಿಂಗಳ ಕೊನೆಗೆ ಫಲಿತಾಂಶ, ಅವತ್ತೇ ಕಥೆಗಾರರ ಉತ್ತರಗಳೂ ಬಯಲು. ಗೆದ್ದವನ ಕಥಾಸಂಕಲನವನ್ನು ಅವರು ಅಚ್ಚು ಹಾಕಿಸುತ್ತಾರೆ. ಈ ಕೊನೆಯ ಮಾತಿಗಾಗಿ ನಾನು ಇಂಥದ್ದಕ್ಕೆ ಕೈ ಹಾಕಿದೆ. ನನ್ನ ಕಥೆಗಳು ಕಪಾಟಿನಲ್ಲಿ ಬಹಳ ವರ್ಷದಿಂದ ಮಲಗಿವೆ. ಯಾವ ಪ್ರಕಾಶಕನೂ ಅವುಗಳನ್ನು ಎಬ್ಬಿಸಲಿಲ್ಲ.

ಕಥೆಗೆ ನಮ್ಮ ಮನೆಯಲ್ಲಿ ನಡೆದದ್ದನ್ನೇ ತೆಗೆದುಕೊಂಡೆ. ಎರಡು ವರ್ಷದ ಹಿಂದೆ ಅಣ್ಣ ತೀರಿಕೊಂಡಾಗ ಅವನ ಇಷ್ಟಲಿಂಗದ ಬೆಳ್ಳಿ ಕರಡಿಗೆ ಕಾಣೆಯಾಯಿತು. ನಮ್ಮಲ್ಲಿ ಸತ್ತವರನ್ನು ಕೂರಿಸಿ ಸಮಾಧಿ ಮಾಡುತ್ತೇವೆ. ಲಿಂಗ ಅಂಗೈಯಲ್ಲಿ ಮಣ್ಣಿಗೆ ಹೋಗುತ್ತದೆ. ಅದನ್ನಿಡುತ್ತಿದ್ದ ಬೆಳ್ಳಿಯ ಕರಡಿಗೆ ಮನೆಯಲ್ಲೇ ಉಳಿದು ಮನೆತನದ ಹಿರಿಯ ಗಂಡಿಗೆ ಸೇರುತ್ತದೆ. ಅಣ್ಣನಿಗೆ ಅಶ್ವಿನಿ ಒಬ್ಬಳೇ. ನಾನು ಲಿಂಗ ಕಟ್ಟಿಕೊಳ್ಳುವುದನ್ನು ಕಾಲೇಜಿನಲ್ಲೇ ಬಿಟ್ಟವನು. ಹಾಗಾಗಿ ಅದು ದೊಡ್ಡಪ್ಪನ ಮಗ ಏಕಾಂತಪ್ಪನಿಗೆ ಹೋಗಬೇಕಿತ್ತು. ಸಮಾಧಿ ಮುಗಿಸಿ ಬಂದು ನೋಡಿದರೆ ದೇವರ ಜಗಲಿಯ ಮೇಲೆ ಅದು ಇರಲಿಲ್ಲ. ಏಕಾಂತಪ್ಪ ಅಂಗಳದಲ್ಲಿ, ನೆಂಟರ ಮುಂದೆ, ಕೆಲಸದವಳ ಚೀಲ ಸುರುವಿಸಿದ. ಸೆರಗು ಕೊಡವು ಎಂದ. ಏನೂ ಬೀಳಲಿಲ್ಲ. ಮರುದಿನದಿಂದ ಅವಳು ಬರಲಿಲ್ಲ. ಬರದಿದ್ದದ್ದೇ ಎಲ್ಲರಿಗೂ ಸಾಕ್ಷಿಯಾಯಿತು.

ಹೆಸರು ಬದಲಿಸಿದ್ದೇನೆ. ನಾನು ಕಳಿಸಿರುವ ಉತ್ತರ: ಕೆಲಸದವಳು. ಪತ್ತೇದಾರಿ ಓದಿ ಕೆಟ್ಟವರು, ಕಣ್ಣೆದುರಿಗಿರುವವಳನ್ನು ಬಿಟ್ಟು ಉಳಿದವರನ್ನೆಲ್ಲ ಜಾಲಾಡುತ್ತಾರೆ. ಅದೇ ನನ್ನ ಬಲೆ. ಅಲ್ಲದೆ ನಿಜವೂ ಅದೇ ಇದ್ದೀತು. ನಿಜ ಸಾಮಾನ್ಯವಾಗಿ ಅಷ್ಟೇ ನೀರಸ.

ನವೆಂಬರ್ 6, ಗುರುವಾರ

ಪ್ರತಿಕ್ರಿಯೆಗಳನ್ನು ಓದಬಾರದೆಂದು ನಿರ್ಧರಿಸಿದ್ದೆ. ಹಲ್ಲುಜ್ಜುವ ಮೊದಲೇ ಓದಿದೆ.

ಒಬ್ಬ ನಗುವ ಮುಖಗಳನ್ನು ಸಾಲಾಗಿ ಅಂಟಿಸಿದ್ದಾನೆ, ಅಣ್ಣನ ಸಾವಿನ ಕೆಳಗೆ. ಒಬ್ಬಾಕೆ ಕರಡಿಗೆಯ ಫೋಟೋ ಹಾಕಿ ಎಂದಿದ್ದಾಳೆ, ಸೀರೆ ಅಂಗಡಿಯಲ್ಲಿ ಅಂಚು ತೋರಿಸಿ ಅನ್ನುವ ಧಾಟಿಯಲ್ಲಿ. ಮತ್ತೊಬ್ಬ "ಹೆಂಡತಿಯೇ ಕಳ್ಳಿ, ನಾನು ಬರೆದುಕೊಡುತ್ತೇನೆ" ಎಂದು ಸವಾಲು ಹಾಕಿದ್ದಾನೆ. ಫೋನಿನ ಗಾಜಿನ ಮೇಲೆ ಅಶ್ವಿನಿಯ ಬೆರಳಿನ ಜಿಡ್ಡು. ಒರೆಸಿದರೂ ಹೋಗಲಿಲ್ಲ. ಸೋಪು ಹಚ್ಚಿ ಕೈ ತೊಳೆದುಕೊಂಡೆ.

ಶಾಲೆಯಲ್ಲಿ ದೇವದಾಸ್. ಸಮಾಜ ವಿಜ್ಞಾನದ ಮೇಷ್ಟ್ರು, ಅವನೂ ಸ್ಪರ್ಧೆಯಲ್ಲಿದ್ದಾನೆ. ಬ್ಯಾಂಕಿನ ಲಾಕರಿನಲ್ಲಿ ಹಾವು, ಅದು ಅವನ ಕಥೆ.

"ಏನ್ ವಾಗೀಶ್ ಸಾರ್, ನಮ್ ಹಾವು ಓದಿದ್ರೇನ್ರಿ?"

"ಓದಿದೆ."

"ಮ್ಯಾನೇಜರ್ ಹೆಂಗ ಸತ್ತ, ಹೊಳೀತಾ?"

"ಹಾವು ಕಚ್ಚಿ ಸತ್ತ."

"ಸೂಪರ್! ಆದ್ರ ಯಾವ ಹಾವು? ಅಲ್ಲೈತಿ ನೋಡ್ರಿ ಟ್ವಿಸ್ಟು. ಎಂಟನೇ ಕ್ಲಾಸಿನ ಪೇರೆಂಟ್ಸ್ ಗ್ರೂಪಿಗಿ ಲಿಂಕ್ ಹಾಕೀನಿ. ನೀವೂ ಒಂದು ಲೈಕ್ ಒತ್ರಿ, ನಾನೂ ನಿಮಗೊಂದು ಒತ್ತೀನಿ. ಲೆಕ್ಕ ಚುಕ್ತಾ."

ಒತ್ತಿದೆ. ಎಲ್ಲರೂ ಒಬ್ಬರನ್ನೊಬ್ಬರು ಒತ್ತುತ್ತಿದ್ದೇವೆ.

ನವೆಂಬರ್ 9, ಭಾನುವಾರ

ಬಳ್ಳಾರಿಯಿಂದ ಸಂಪಾದಕ ನರೇಶ ಫೋನು ಮಾಡಿದ್ದ. ನನ್ನ ಮಗನ ವಯಸ್ಸಿರಬಹುದು, ಮಗನಿದ್ದಿದ್ದರೆ.

"ಸಾರ್, ತೀರ್ಪುಗಾರರಿಗಿ ನಿಮ್ ಕಥಿ ಬಾಳ ಹಿಡಿಸೈತಿ. ಹತ್ರ ಹತ್ರ ಮೊದಲನೇದು ನಿಮ್ದಽ. ಒಂದ್ ಸಣ್ ತೊಂದ್ರಿ ಐತ್ರಿ."

"ಏನು?"

"ನಿಮ್ ಉತ್ತರ, ಸಾರ್. ತಪ್ ತಿಳ್ಕಬ್ಯಾಡ್ರಿ. ಓದುಗರ ಉತ್ತರ ನಿಮ್ದಕ್ಕಿಂತ ಚಲೋ ಐತಿ."

ಓದುಗರಲ್ಲಿ ಹೆಚ್ಚಿನವರು ಹೇಳಿರುವುದು ಇದು: ಕರಡಿಗೆಯನ್ನು ಯಾರೂ ಕದ್ದಿಲ್ಲ, ಹೆಂಡತಿ ಅದನ್ನು ಗಂಡನ ಜೊತೆ ಮಣ್ಣಿಗೆ ಕಳಿಸಿದ್ದಾಳೆ. ಪುರಾವೆ ನನ್ನದೇ ಒಂದು ವಾಕ್ಯ. ಹೊರಡಿಸುವ ಮೊದಲು ಹೆಂಡತಿ ಬಂದು ಪಂಚೆಯ ಗಂಟು ಬಿಚ್ಚಿ ಮತ್ತೆ ಕಟ್ಟಿದಳು ಎಂದು ಬರೆದಿದ್ದೆ.

"ಎಂಥಾ ನಾಜೂಕು ಸುಳಿವು ಇಟ್ಟೀರಿ ಸಾರ್! ಇಟ್ಟು, ಉತ್ತರ ಮಾತ್ರ ಕೆಲಸದಾಕಿ ಅಂತ ಯಾಕ ಕೊಟ್ರಿ? ಚಪ್ಪಗಾತು."

ಅದು ಸುಳಿವಲ್ಲ, ಅವತ್ತು ಕಂಡದ್ದನ್ನು ಬರೆದೆ ಎನ್ನಬೇಕೆನಿಸಿತು. ಉತ್ತರ ಬದಲಿಸುತ್ತೇನೆಂದು ಒಂದು ಮೇಲ್ ಹಾಕಿದರೆ ಸಾಕಂತೆ, ಪುಸ್ತಕ ಅಚ್ಚಿಗೆ ಹೋಗುತ್ತದಂತೆ.

ಈ ಮಂದಿಗೆ ಕರಡಿಗೆ ಮಣ್ಣಿಗೆ ಹೋಗುವುದಿಲ್ಲ ಎಂಬಷ್ಟೂ ಗೊತ್ತಿಲ್ಲ. ನಮ್ಮ ಕೇರಿಯಲ್ಲಿ ಕುಡುಕನಿಗೂ ಅದು ಗೊತ್ತು. ಬೆಳ್ಳಿ ಇಟ್ಟು ಮಣ್ಣು ಮುಚ್ಚಿದರೆ ಸತ್ತವನಿಗೆ ಐಕ್ಯವಿಲ್ಲ, ಲೋಹದ ಆಸೆ ಅವನನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂದು ಅಜ್ಜಿಯರು ಹೇಳಿ ಬೆಳೆಸಿದ್ದಾರೆ. ನಾನು ನಂಬುವುದಿಲ್ಲ. ಆದರೆ ನಂಬುವವರು ಹಾಗೆ ಮಾಡುವುದಿಲ್ಲ ಎಂಬುದು ನನಗೆ ಗೊತ್ತು. ಬೆಂಗಳೂರಿನ ಫ್ಲ್ಯಾಟಿನಲ್ಲಿ ಕೂತು ಬಿಸ್ಕತ್ತು ತಿನ್ನುತ್ತ ನಮ್ಮ ಸಾವನ್ನು ಬಿಡಿಸುವವರ ಅಜ್ಞಾನಕ್ಕೆ ನಾನು ಸಹಿ ಹಾಕಬೇಕು.

ನವೆಂಬರ್ 10, ಸೋಮವಾರ

ಮಧ್ಯಾಹ್ನ ಊಟಕ್ಕೆ ಕೂತಾಗ ಅತ್ತಿಗೆಗೆ ಇದನ್ನು ಹೇಳಿದೆ. ಹೇಳುವಾಗ ನಗು ಬಂತು. "ಕರಡಿಗಿನ್ನ ಅಣ್ಣನ ಪಂಚ್ಯಾಗ ಇಟ್ಟು ಕಳಿಸೀರಂತ ನೀವು. ಬೆಂಗಳೂರಿನೋರು ಪತ್ತೆ ಹಚ್ಯಾರ."

ಅತ್ತಿಗೆ ಒಲೆಯ ಕಡೆ ತಿರುಗಿದ್ದರು. ರೊಟ್ಟಿ ಸೀದು ಹೊಗೆ ತುಂಬಿತು. ಸೀದದ್ದನ್ನೇ ನನ್ನ ತಟ್ಟೆಗೆ ಹಾಕಿದರು. ಈ ಮನೆಯಲ್ಲಿ ಎಂದೂ ಹಾಗಾಗಿರಲಿಲ್ಲ. ಕರಿ ಕೆರೆದು ತಿಂದೆ. ಬಾಯೆಲ್ಲ ಕಹಿ.

ನವೆಂಬರ್ 13, ಗುರುವಾರ

ಸಂಜೆ ಬಜಾರಿನಲ್ಲಿ ಮೌನಿಕಾ ಸಿಕ್ಕಳು. ಕೆಲಸದವಳ ಮಗಳು. ನಮ್ಮ ಕನ್ನಡ ಶಾಲೆಯಲ್ಲೇ ಓದಿದವಳು, ಈಗ ಮೊಬೈಲ್ ಅಂಗಡಿಯಲ್ಲಿದ್ದಾಳೆ. ಅಂಗಡಿಯಿಂದ ಇಳಿದು ಬಂದು ದಾರಿಗೆ ಅಡ್ಡ ನಿಂತಳು.

"ಸಾರ್, ಬಾಗುನ್ನಾರಾ?" ತೆಲುಗಿನಲ್ಲೇ ಕ್ಷೇಮ ಕೇಳಿದಳು.

"ಹ್ಞೂಂ. ನೀನು?"

"ನಿಮ್ ಕಥಿ ಓದೀನ್ರಿ ಸಾರ್. ನಮ್ ಊರಾಗ ಎಲ್ಲಾರ ಫೋನಿಗೂ ಬಂದೈತಿ. ಕೌತಾಳದಾಗ ಕನ್ನಡ ಓದಕ್ ಬರೋರು ಬರದೋರಿಗಿ ಓದಿ ಹೇಳಾಕತ್ಯಾರ. ಅದು ನಮ್ಮಮ್ಮನ ಕಥೀನೇ ಕದಾ?"

"ಅದು ಕಥೆ, ಮೌನಿಕಾ. ಕಥೆ ಬೇರೆ."

"ಸರೇ ಸಾರ್. ಕಥೀನಽ ಅಂತಿಟ್ಕೊಳ್ಳಾಮು. ಕಳ್ಳಿ ಯಾರಂತ ಬರದೀರಿ?"

ಹೇಳುವಂತಿಲ್ಲ, ಸ್ಪರ್ಧೆಯ ನಿಯಮ ಎಂದೆ.

"ನಿಯಮಾನ?" ಅವಳು ನಕ್ಕಳು. ನಾನು ಪಾಠ ಮಾಡುವಾಗ ಹಿಂದಿನ ಬೆಂಚಿನಲ್ಲಿ ನಕ್ಕ ಹಾಗಲ್ಲ. "ತಿಂಗಳ ಕೊನಿಗಿ ಗೊತ್ತಾಗತೈತಂತ. ನಮ್ಮಮ್ಮ ಅವತ್ತಿಂದ ಯಾರ ಮನಿ ಕೆಲಸಕ್ಕೂ ಹೋಗಿಲ್ರಿ. ಹೋದ್ರ ಮೊದ್ಲು ಕೇಳ್ತಾರ, ಆದೋನಿಯಾಗ ಯಾಕ ಬಿಟ್ಟಿ ಅಂತ. ಹತ್ತಿ ಮಿಲ್ಲಿನಾಗ ಕಸ ಆರಸ್ತಾಳ, ಧೂಳು ಕುಡೀತಾಳ. ಈಗ ನೀವು ಅಚ್ಚಿನಾಗ ಹೆಸರು ಕೊಡ್ರಿ. ಇನ್ನ ಮಿಲ್ಲಿಗೂ ಬ್ಯಾಡಾಗ್ತಾಳ."

ಹೆಸರು ಬದಲಿಸಿದ್ದೇನೆಂದು ಹೇಳಹೊರಟೆ. ಪಕ್ಕದಲ್ಲಿ ಮಿರ್ಚಿ ಕರಿಯುತ್ತಿದ್ದ ಎಣ್ಣೆ ಹಳೆಯದು, ಕಪ್ಪು, ಹೊಗೆ ಹೊಟ್ಟೆಗಿಳಿಯಿತು. ಸಂದಿಯಲ್ಲಿ ನಿಂತು ವಾಂತಿ ಮಾಡಿಕೊಂಡೆ. ಎಣ್ಣೆಯದೇ ಕೆಲಸ.

ನವೆಂಬರ್ 14

ರಜೆ ಹಾಕಿದೆ. ಹೊಟ್ಟೆ ಸರಿಯಿಲ್ಲ. ಕಥೆಯನ್ನು ಮತ್ತೆ ಓದಿದೆ. ಗದ್ಯ ಚೆನ್ನಾಗಿದೆ. ಹೇಸಿಗೆಯಾಗುವಷ್ಟು ಚೆನ್ನಾಗಿದೆ.

ನವೆಂಬರ್ 16, ಭಾನುವಾರ

ಅಶ್ವಿನಿ ಗೆಳತಿಯ ಮದುವೆಗೆಂದು ಎಮ್ಮಿಗನೂರಿಗೆ ಹೋಗಿದ್ದಳು. ಅತ್ತಿಗೆ ಹಿತ್ತಲಿನಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ನಾನು ನೀರು ಕುಡಿಯಲು ಹೋದವನು.

"ವಾಗೀಶ, ಕುಂದರು" ಎಂದರು. ನಾನು ಚಡ್ಡಿಯಲ್ಲಿದ್ದಾಗ ಈ ಮನೆಗೆ ಬಂದವರು. ನನ್ನನ್ನು ಈಗಲೂ ಹಾಗೇ ಕರೆಯುತ್ತಾರೆ. "ಆ ಬೆಂಗಳೂರಿನೋರು ಹೇಳಿದ್ದು ಖರೇ ಐತಿ."

ನಾನು ಅವರ ಎದುರು ಕೂತೆ.

"ನಾನಽ ಇಟ್ಟೀನಿ. ಪಂಚಿ ಗಂಟಿನಾಗ."

"ಯಾಕ್ರೀ ಅತ್ತಿಗಿ? ನಮ್ಮಲ್ಲಿ ಇಡಂಗಿಲ್ಲಲ್ಲ."

"ಇಡಂಗಿಲ್ಲ ಅಂತ ಗೊತ್ತಿದ್ದಕ್ಕಽ ಇಟ್ಟೀನಿ. ಯಾರೂ ಹುಡುಕಂಗಿಲ್ಲ ಅಂತ." ಕಾಯಿ ಸುಲಿಯುವ ಕೈ ನಿಲ್ಲಲಿಲ್ಲ. "ಏಕಾಂತಪ್ಪ ಏನ್ ಮಾಡಿದ ನಿಮ್ಮಣ್ಣಗ, ನೀ ಕಂಡಿದ್ದೀ. ದಲಾಲಿ ಅಂಗಡಿ ಬಾಗಲಾಗ ನಿಂತು, ಹಮಾಲರ ಮುಂದ, ಗಂಡಸಲ್ಲ ಅಂದ. ಅವನು ಹೆಣದ ಮುಂದ ಕುಂತು ಕರಡಿಗಿ ಮ್ಯಾಲ ಕಣ್ಣು ಇಟ್ಟಿದ್ದ. ದಿನಾ ನಾನು ವಿಭೂತಿ ಹಚ್ಚಿ ತೊಳದ ಬೆಳ್ಳಿ ಅವನ ಎದಿ ಮ್ಯಾಲ ಕುಂದರತೈತಿ ಅಂದ್ರ... ಮಣ್ಣಿಗಿ ಹೋಗ್ಲಿ ಅಂದೆ."

"ಉರುಕುಂದಮ್ಮನ ಚೀಲ ಸುರುವಿದಾಗ?"

ಕೈ ಆಗ ನಿಂತಿತು.

"ಆಗ ಹೇಳಿದ್ರ ಅಗೀತಿದ್ರು ವಾಗೀಶ. ಅದಽ ಸಂಜಿ ಅಗೀತಿದ್ರು. ಅವನು ಅಗಸ್ತಿದ್ದ."

ಅಂಗಳದಲ್ಲಿ ಅಷ್ಟು ಮಂದಿ ಇದ್ದೆವು. ಕರಡಿಗೆ ಎಲ್ಲೆಲ್ಲಿ ಹೋಗಿರಬಹುದೆಂದು ಎಲ್ಲರೂ ಯೋಚಿಸಿದೆವು, ಚರಂಡಿ, ಬಾವಿ, ಗಿರವಿ ಅಂಗಡಿ. ಅದು ಹೋಗಬಾರದ ಒಂದೇ ಜಾಗವನ್ನು ಮಾತ್ರ ಯಾರೂ ಯೋಚಿಸಲಿಲ್ಲ, ಏಕೆಂದರೆ ನಮಗೆಲ್ಲ ತಿಳಿದಿತ್ತು. ತಿಳಿಯದವರು ಒಂದೇ ಓದಿಗೆ ಅಲ್ಲಿಗೆ ಹೋಗಿ ಕೈ ಹಾಕಿದರು. ಬಿಸ್ಕತ್ತು ತಿನ್ನುತ್ತ.

ಅವರ ಮೇಲಿನ ಅಸಹ್ಯ ಇದರಿಂದ ಕಡಿಮೆಯಾಗಬೇಕಿತ್ತು. ಆಗಿಲ್ಲ. ಹೆಚ್ಚಾಗಿದೆ.

ನವೆಂಬರ್ 18, ಮಂಗಳವಾರ

ನರೇಶನಿಗೆ ಫೋನು ಮಾಡಿದೆ. ನನ್ನ ಉತ್ತರ ಸುಳ್ಳು, ಅದನ್ನು ಪ್ರಕಟಿಸಬೇಡಿ ಎಂದೆ.

"ಅದಽ ನಾನು ಹೇಳಿದ್ದು ಸಾರ್! ಓದುಗರದು ತಗೊಳ್ಳಾಮು."

"ಅದನ್ನೂ ಬೇಡ."

"ಮತ್ತ?"

"ಯಾವುದನ್ನೂ ಬೇಡ."

ಆ ಕಡೆ ಸ್ವಲ್ಪ ಹೊತ್ತು ಕೀಲಿಮಣೆಯ ಸದ್ದು. "ಸಾರ್, ಕಥೆಗಾರನ ಉತ್ತರ ಇಲ್ಲಾಂದ್ರ ಕಥಿ ಸ್ಪರ್ಧಿಯಾಗ ಇರಂಗಿಲ್ರಿ. ಒಂದ್ ಮಾತು ಹೇಳ್ಲಾ? ಒಂದು ಲೈನು ಬರೀರಿ ಸಾಕು, 'ಹೆಂಡತಿ' ಅಂತ. ಯಾರಿಗಿ ನಷ್ಟ? ಕಥಿ ತಾನೇ?"

ಕಥೆ ತಾನೇ. ಬಜಾರಿನಲ್ಲಿ ನಾನು ಆಡಿದ ಮಾತನ್ನೇ ಅವನು ಆಡಿದ. ಅವನ ಬಾಯಲ್ಲಿ ಅದು ನಾಲಗೆಗೆ ಅಂಟಿದ ಕೂದಲಿನಂತೆ ಕೇಳಿತು.

ನಾಳೆ ಹೇಳುತ್ತೇನೆ ಎಂದೆ. ಒಂದೇ ಸಾಲು ಬರೆದರೆ ಉರುಕುಂದಮ್ಮ ಪಾರು, ನನ್ನ ಕಥೆಗಳು ಅಚ್ಚಿಗೆ. ಅತ್ತಿಗೆ ಮಾತ್ರ ಊರ ಬಾಯಿಗೆ, ಅದೂ ನನ್ನ ಕೈಯಿಂದ. ಎಲ್ಲ ಎಷ್ಟು ಅನುಕೂಲವಾಗಿ ಹೊಂದಿಕೊಳ್ಳುತ್ತದೆ. ಹೊಂದಿಕೆ ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ.

ನವೆಂಬರ್ 19

ಅತ್ತಿಗೆಗೆ ಎಲ್ಲ ಹೇಳಿದೆ. ಪುಸ್ತಕದ ವಿಷಯವನ್ನೂ.

"ನೀ ಏನೂ ಬರೀಬ್ಯಾಡ" ಎಂದರು. "ನೀ ಬರೆದ್ರ ಅದು ಮತ್ತ ಕಥಿನಽ ಆಗತೈತಿ. ನಾಳಿ ಶಾಲಿಗಿ ರಜಾ ಹಾಕು. ಕೌತಾಳಕ್ಕ ಹೋಗೂಣು."

ಸ್ಪರ್ಧೆಯಿಂದ ಹಿಂದೆ ಸರಿದಿದ್ದೇನೆಂದು ನರೇಶನಿಗೆ ಬರೆದು ಕಳಿಸಿದೆ. ಕಥೆಯನ್ನೂ ತೆಗೆದುಹಾಕಿ ಎಂದೆ. ಅವನು ಕೈ ಜೋಡಿಸಿದ ಚಿತ್ರ ಕಳಿಸಿದ. ಪ್ರಣಾಮವೋ, ಸಾಕಪ್ಪಾ ಸಾಕು ಎಂದೋ, ಆ ಚಿತ್ರಗಳಿಂದ ತಿಳಿಯುವುದಿಲ್ಲ.

ನವೆಂಬರ್ 20, ಗುರುವಾರ

ಬಸ್ಸಿನಲ್ಲಿ ಅತ್ತಿಗೆ ಕಿಟಕಿಗೆ ಮುಖ ಮಾಡಿ ಕೂತಿದ್ದರು. ಎರಡೂ ಕಡೆ ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದರು.

ಉರುಕುಂದಮ್ಮ ಬಾಗಿಲ ಮುಂದೆಯೇ ಇದ್ದಳು, ತಲೆಗೆ ಸುತ್ತಿದ ಬಟ್ಟೆಯ ಮೇಲೆ, ಹುಬ್ಬಿನ ಮೇಲೆ ಹತ್ತಿಯ ತುಪ್ಪುಳು. ಆಗ ತಾನೇ ಪಾಳಿ ಮುಗಿಸಿ ಬಂದಿದ್ದಳು. ಒಳಗೆ ಬನ್ನಿ ಎನ್ನಲಿಲ್ಲ. ಕೂರಲು ಹೇಳಲಿಲ್ಲ. ಕೆಮ್ಮಿದಳು.

ಅತ್ತಿಗೆ ನಿಂತೇ ಹೇಳಿದರು. ಪೂರ್ತಿ ಹೇಳಿದರು. ಕೊನೆಗೆ, "ನನ್ನ ತಪ್ಪು ಐತಿ, ಉರುಕುಂದಿ. ಮನಿಗಿ ಬಾ" ಎಂದರು.

ಉರುಕುಂದಮ್ಮ ಅಳುತ್ತಾಳೆ ಎಂದುಕೊಂಡಿದ್ದೆ. ನನ್ನ ಕಥೆಯಾಗಿದ್ದರೆ ಅಳುತ್ತಿದ್ದಳು.

"ಯಾವ್ ಮನಿಗ್ರಿ ಅಮ್ಮಾ? ಆ ಅಂಗಳದಾಗ ಮತ್ತ ಕಸಾ ಹೊಡೀಬೇಕಾ ನಾನು?"

"ಕೆಲಸಕ್ಕಂತ ಅಲ್ಲವಾ..."

"ಮತ್ತ ಯಾಕ ಬಂದ್ರಿ? ನನಗ ಹೇಳಾಕ? ನಾನು ಕದ್ದಿಲ್ಲ ಅಂತ ನನಗ ಗೊತ್ತಿಲ್ಲೇನ್ರೀ?" ಧ್ವನಿ ಏರಿಸಲಿಲ್ಲ. "ನನ್ನ ಸೆರಗು ಯಾರ್ ಯಾರ್ ನೋಡ್ಯಾರೋ ಅವರಿಗಿ ಹೇಳ್ರಿ."

ನನ್ನ ಕಡೆ ತಿರುಗಿ, "ನೀವೇನು ಸಾರ್, ಹಂಗಽ ನಿಂತೀರಿ? ಇದನ್ನೂ ಬರಕೊಂತೀರೇನು?" ಎಂದಳು.

ಒಳಗಿಂದ ಮೌನಿಕಾ ನಕ್ಕದ್ದು ಕೇಳಿತು. ನನ್ನ ಕಿವಿ ಬಿಸಿಯಾಯಿತು. ಬರೆದುಕೊಳ್ಳುತ್ತಿದ್ದೇನೆ.

ಬಸ್ ಸ್ಟ್ಯಾಂಡಿನಲ್ಲಿ ಅತ್ತಿಗೆ, "ಪುಣ್ಯತಿಥಿ ಯಾವತ್ತು?" ಎಂದರು. ತಿಥಿ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಮೂವತ್ತಕ್ಕೆ ಎಂದೆ.

ನವೆಂಬರ್ 25, ಮಂಗಳವಾರ

ನಮ್ಮ ಮನೆತನದ ಜಂಗಮರು ರೇವಣಸಿದ್ದಯ್ಯನವರು ಪುಣ್ಯತಿಥಿಯ ಪೂಜೆಗೆ ಒಪ್ಪಿದ್ದಾರೆ. ಏಕಾಂತಪ್ಪನ ಮನೆಗೆ ಅತ್ತಿಗೆಯೇ ಹೋಗಿ ಹೇಳಿ ಬಂದರು. ಕೌತಾಳಕ್ಕೂ ಹೇಳಿ ಕಳಿಸಿದರು. ಅತ್ತಿಗೆ ಎರಡು ದಿನದಿಂದ ಅನ್ನ ಮುಟ್ಟಿಲ್ಲ, ಒಂದೇ ಸಮನೆ ಮನೆ ತೊಳೆಯುತ್ತಿದ್ದಾರೆ. ನಾನು ಬಾವಿಯಿಂದ ನೀರು ಸೇದಿ ಹಾಕಿದೆ.

ನವೆಂಬರ್ 30, ಭಾನುವಾರ

ಬೆಳಿಗ್ಗೆ ಫಲಿತಾಂಶ ಬಂತು. ಮೊದಲ ಬಹುಮಾನ ದೇವದಾಸನ ಹಾವಿಗೆ. ತೀರ್ಪುಗಾರರು "ಸರೀಸೃಪ ಜಗತ್ತಿನ ಅಪೂರ್ವ ತಿರುವು" ಎಂದಿದ್ದಾರೆ. ಅವನ ಪುಸ್ತಕ ಬರುತ್ತದೆ. ಅವನು ಫೋನಿನಲ್ಲಿ ಕಿರುಚಿದ: "ನಿಮ್ದು ಯಾಕ ತಗದ್ರಿ ಸಾರ್? ನಿಮ್ದಿದ್ದಿದ್ರ ನಂದು ಎರಡನೇದ್ರಿ, ದೇವ್ರಾಣಿ." ಅಭಿನಂದನೆ ಹೇಳಿದೆ. ಕಥೆ ಚೆನ್ನಾಗಿದೆ ಎಂದೂ ಹೇಳಿದೆ. ಸುಳ್ಳು ಸಲೀಸಾಗಿ ಬಂತು, ಬಾಯಿ ಕಹಿಯಾಗಲಿಲ್ಲ. ಶಾಮಿಯಾನದವನು ಬಂದಿದ್ದರಿಂದ ಫೋನು ಇಟ್ಟೆ.

ಮಧ್ಯಾಹ್ನದ ಹೊತ್ತಿಗೆ ಅಂಗಳ ತುಂಬಿತು. ಏಕಾಂತಪ್ಪ ಮುಂದಿನ ಸಾಲಿನಲ್ಲಿ, ವಿಭೂತಿ ಹಣೆಯ ಅಗಲಕ್ಕೂ. ಪೂಜೆ ಮುಗಿಯಿತು, ಎಲೆ ಹಾಕಿದರು. ರೇವಣಸಿದ್ದಯ್ಯನವರು ಊಟಕ್ಕೆ ಮೊದಲಿನ ಮಂತ್ರ ಹೇಳಲು ಕೈ ಎತ್ತಿದರು. ಉರುಕುಂದಮ್ಮ ಬಂದಿರಲಿಲ್ಲ. ಬರುವುದಿಲ್ಲ ಎಂದುಕೊಂಡೆ. ನಾನೇಕೆ ಮತ್ತೆ ಮತ್ತೆ ಬಾಗಿಲ ಕಡೆ ನೋಡುತ್ತಿದ್ದೆನೋ ಗೊತ್ತಿಲ್ಲ. ಆಗ ಮೌನಿಕಾ ಕಾಣಿಸಿದಳು, ಅವಳ ಹಿಂದೆ ಅವಳಮ್ಮ, ಹಸಿರು ಸೀರೆಯಲ್ಲಿ. ಹೊಸ್ತಿಲು ದಾಟಲಿಲ್ಲ, ಬಾಗಿಲಲ್ಲೇ ನಿಂತರು.

ಅತ್ತಿಗೆ ಸಾಲಿನ ಮುಂದೆ ಬಂದು ಕೂತರು. "ಅಯ್ಯನೋರ, ಒಂದ್ ಮಾತು ಐತಿ" ಎಂದರು. ತಲೆ ಬಗ್ಗಿಸಿ, ಎಲೆಗೆ ಹೇಳುವವರ ಹಾಗೆ ಹೇಳಿದರು. "ಕರಡಿಗಿ ಯಾರೂ ಕದ್ದಿಲ್ಲ. ನಾನಽ ಅವರ ಪಂಚ್ಯಾಗ ಇಟ್ಟು ಮಣ್ಣಿಗಿ ಕಳಿಸೀನಿ. ಉರುಕುಂದಿ ಮ್ಯಾಲ ಹಾಕಿದ್ದು ಸುಳ್ಳು."

ರೇವಣಸಿದ್ದಯ್ಯನವರ ಎತ್ತಿದ ಕೈ ಎತ್ತಿದಂತೆಯೇ ಇತ್ತು. ಯಾರೋ ಹೆಂಗಸು "ಶಿವಾ" ಎಂದಳು. ಏಕಾಂತಪ್ಪನ ಕುತ್ತಿಗೆ ಕೆಂಪಾಯಿತು.

"ಮಣ್ಣಿಗಿ ಬೆಳ್ಳಿ ಹಾಕಿದಿ? ನಮ್ಮ ಮನಿತನದಾಗ?" ಎಂದ. ಆಮೇಲೆ ಸುತ್ತಲೂ ನೋಡಿ, ಧ್ವನಿ ಇಳಿಸಿ, "ಮನಿ ಮಾತು ಇದು, ಸುಭದ್ರಾ. ಮಂದಿ ಮುಂದ ಯಾಕ? ಆಗಿದ್ದಾತು. ಅಯ್ಯನೋರ, ಮಂತ್ರ ಹೇಳ್ರಿ. ಸಾರು ಆರತೈತಿ" ಎಂದ.

ಕೆಲವರು ಎಲೆಯ ಮೇಲೆ ನೀರು ಚಿಮುಕಿಸಲು ಶುರುಮಾಡಿಯೂ ಬಿಟ್ಟರು. ಹೇಸಿಗೆ, ಅಸಹ್ಯ ಎಂಬ ಮಾತುಗಳನ್ನು ಈ ತಿಂಗಳು ಆಗಲೇ ಬರೆದಿದ್ದೇನೆ. ಆ ನೀರಿನ ಸದ್ದಿಗೆ ಬೇರೆ ಮಾತು ಬೇಕು. ನಾನು ಬಡಿಸುವ ಸಾಲಿನಲ್ಲಿದ್ದೆ, ಅನ್ನದ ಬುಟ್ಟಿ ಕೈಯಲ್ಲಿತ್ತು. ಅದನ್ನು ನೆಲಕ್ಕಿಟ್ಟು, "ಯಾರೂ ಉಣಬ್ಯಾಡ್ರಿ" ಎಂದೆ. ನನ್ನ ಧ್ವನಿ ಬಹಳ ಜೋರಾಗಿ ಕೇಳಿತು. ಇಂಥ ಕಡೆ ನಾನು ಮಾತಾಡುವವನಲ್ಲ.

ಸದ್ದು ನಿಂತಿತು. ಬಾಗಿಲಿನಿಂದ ಉರುಕುಂದಮ್ಮ ಕೆಮ್ಮಿದಳು, ಕೆಮ್ಮು ಇಳಿಯುವವರೆಗೆ ಎಲ್ಲರನ್ನೂ ಕಾಯಿಸಿದಳು.

"ಇನ್ನೊಂದ್ ಸಲ ಹೇಳ್ರಿ ಅಮ್ಮಾ" ಎಂದಳು. "ಹಿಂದಿನ ಸಾಲಿಗಿ ಕೇಳಿಲ್ಲ."

ಅತ್ತಿಗೆ ಎದ್ದು ನಿಂತರು. ಈ ಸಲ ಮುಖ ಎತ್ತಿ, ಒಬ್ಬೊಬ್ಬರನ್ನೇ ನೋಡುತ್ತ, ಮೊದಲಿನಿಂದ ಹೇಳಿದರು.